ಮರಗೆತ್ತನೆಯಲ್ಲಿ ಕೈಯ ಗುರುತು: ಡಂಬಳದ ಶಿಲ್ಪದಿಂದ ಇಂದಿನ ಉದ್ದಿಮೆಗೆ ಕೆಲವು ಪಾಠಗಳು

ಗದಗ ನಗರದಿಂದ ಸುಮಾರು 20 ಕಿಲೋಮೀಟರ್ ಆಗ್ನೇಯಕ್ಕಿರುವ, ಮುಂಡರಗಿ ತಾಲ್ಲೂಕಿನ ಡಂಬಳವು ಇತಿಹಾಸದಲ್ಲಿ ವರ್ತಕರ ಊರಾಗಿಯೂ ಶಿಲ್ಪಿಗಳ ಊರಾಗಿಯೂ ಗುರುತಿಸಲ್ಪಟ್ಟಿದೆ. ಕ್ರಿ.ಶ. 1095ರ ಕಾಲದ ಇಲ್ಲಿನ ಶಾಸನವೊಂದು ಬೌದ್ಧರ ತಾರಾದೇವಿಯನ್ನು ಸ್ತುತಿಸಿ, ಊರಿನ ಹದಿನಾರು ಸೆಟ್ಟಿಗಳು ಕಟ್ಟಿಸಿದ ವಿಹಾರವನ್ನು ಉಲ್ಲೇಖಿಸುತ್ತದೆ. ಅದರ ಮುಂದಿನ ಶತಮಾನದಲ್ಲಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಇದೇ ಊರಿನಲ್ಲಿ ದೊಡ್ಡಬಸಪ್ಪ ದೇವಾಲಯವು ತಲೆಯೆತ್ತಿತು. ಹಣ ತೊಡಗಿಸುವ ವರ್ತಕನೂ ಉಳಿ ಹಿಡಿಯುವ ಕುಶಲಕರ್ಮಿಯೂ ಒಂದೇ ಊರಿನಲ್ಲಿ ಪರಸ್ಪರರನ್ನು ಅವಲಂಬಿಸಿ ಬಾಳಿದುದಕ್ಕೆ ಡಂಬಳವು ಒಳ್ಳೆಯ ನಿದರ್ಶನವಾಗಿದೆ.

ಇಂದು ಅದೇ ಸಂಬಂಧವು ಒಂದು ಕವಲುದಾರಿಯಲ್ಲಿ ನಿಂತಿದೆ. ಬಾಗಿಲು, ಚೌಕಟ್ಟು, ದೇವರ ಮಂಟಪ, ಪಲ್ಲಕ್ಕಿ, ತೊಟ್ಟಿಲು ಮುಂತಾದ ಕೆತ್ತನೆಯ ಸಾಮಾನುಗಳನ್ನು ತಯಾರಿಸುವ ಸಣ್ಣ ಕಮ್ಮಟಗಳ ಎದುರಿಗೆ ಗಣಕಯಂತ್ರ ನಿಯಂತ್ರಿತ ಕೆತ್ತನೆ ಯಂತ್ರಗಳು, ಅಂದರೆ ಸಿಎನ್‌ಸಿ ರೌಟರ್‌ಗಳು, ಬಂದು ನಿಂತಿವೆ. ಒಂದೇ ವಿನ್ಯಾಸದ ಕಡತದಿಂದ ಬೀದರಿನಲ್ಲಿಯೂ ಬಳ್ಳಾರಿಯಲ್ಲಿಯೂ ಒಂದೇ ಬಗೆಯ ನವಿಲು, ಒಂದೇ ಬಗೆಯ ಬಳ್ಳಿ ಹೊರಬರುತ್ತದೆ. ಹೀಗೆ ಎಲ್ಲೆಡೆಯೂ ಒಂದೇ ಆಗಿರುವ ಸರಕಿನಲ್ಲಿ ಸ್ಪರ್ಧೆ ನಡೆಯುವುದು ಬೆಲೆಯ ಮೇಲೆ ಮಾತ್ರ. ಬೆಲೆಯ ಸ್ಪರ್ಧೆಯಲ್ಲಿ ಕೈಗೆಲಸದವನು ಯಂತ್ರವನ್ನು ಗೆಲ್ಲಲಾರನು. ಆದ್ದರಿಂದ ಕೆತ್ತನೆಯಲ್ಲಿ ಸ್ವಂತ ಶೈಲಿಯನ್ನು ರೂಢಿಸಿಕೊಳ್ಳುವುದು ಕೇವಲ ಕಲೆಯ ಪ್ರಶ್ನೆಯಾಗಿ ಉಳಿದಿಲ್ಲ. ಅದು ಕಮ್ಮಟದ ಉಳಿವಿನ ಪ್ರಶ್ನೆಯಾಗಿದೆ. ಶೈಲಿ ಎಂದರೇನು, ಅದು ಹೇಗೆ ಬೆಳೆಯುತ್ತದೆ, ಅದಕ್ಕೆ ತಗಲುವ ವೆಚ್ಚವೆಷ್ಟು, ಅದನ್ನು ಕಾಪಾಡಿಕೊಳ್ಳುವ ಬಗೆ ಯಾವುದು ಎಂಬ ನಾಲ್ಕು ವಿಷಯಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಶೈಲಿಯ ಮೂರು ಪದರಗಳು

ಯಾವುದೇ ಕೆತ್ತನೆಯನ್ನು ಪರೀಕ್ಷಿಸಿದರೂ ಅದರಲ್ಲಿ ಮೂರು ಪದರಗಳು ಕಾಣುತ್ತವೆ. ಮೊದಲನೆಯದು ಶಾಸ್ತ್ರ. ದೇವತಾಮೂರ್ತಿಗಳಿಗೆ ತಾಳಮಾನದ ನಿಯಮವಿದೆ. ನವತಾಳದ ಮೂರ್ತಿಯಲ್ಲಿ ಒಂದು ತಾಳಕ್ಕೆ 12 ಅಂಗುಲದಂತೆ ಒಟ್ಟು 108 ಅಂಗುಲಗಳ ಅಳತೆಯುಂಟು. ಪೂಜೆಗೆಂದು ಮೂರ್ತಿಯನ್ನು ಮಾಡಿಸುವ ಗ್ರಾಹಕನು ಈ ಪ್ರಮಾಣಗಳ ಮೇಲೆ ನಂಬಿಕೆಯಿಟ್ಟಿರುತ್ತಾನೆ. ಅಲ್ಲಿ ಸ್ವಾತಂತ್ರ್ಯ ವಹಿಸುವುದು ಕಸಬಿಗೂ ವ್ಯಾಪಾರಕ್ಕೂ ಹಿತವಲ್ಲ.

ಎರಡನೆಯದು ಊರಿನ ಅಥವಾ ಮನೆತನಗಳ ರೂಢಿ. ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಜೋಡಿಸಿ, ಹುಣಸೆಬೀಜದ ಅಂಟಿನಿಂದ ಬೆಸೆದು, ಗಾಢವಾದ ಬಣ್ಣ ಹಚ್ಚಿ ಗರುಡ, ಗೌರಿ ಮೊದಲಾದ ಮೂರ್ತಿಗಳನ್ನು ಮಾಡುತ್ತಾರೆ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳು ಅರಗಿನ ಬಣ್ಣದಿಂದಲೂ ಮೈಮೇಲಿನ ಪುರಾಣ ಚಿತ್ರಗಳಿಂದಲೂ ದೂರದಿಂದಲೇ ಗುರುತು ಸಿಗುತ್ತವೆ. ಸಾಗರ, ಸೊರಬ, ಶಿರಸಿಗಳ ಗುಡಿಗಾರರು ಶ್ರೀಗಂಧದಲ್ಲಿ ಬಿಡಿಸುವ ದಟ್ಟವಾದ ಬಳ್ಳಿಯ ಕೆಲಸವು ಇನ್ನೊಂದು ಬಗೆಯದು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ತಿರುಗಣೆಯ ಮೇಲೆ ಕಡೆದು ಅರಗು ಲೇಪಿಸುತ್ತಾರೆ. ಇವೆಲ್ಲವೂ ಸಮುದಾಯದ ಸ್ವತ್ತುಗಳು. ಯಾವೊಬ್ಬನ ಸ್ವಂತದ್ದೂ ಅಲ್ಲ.

ಮೂರನೆಯದೇ ಕೈಯ ಗುರುತು. ಒಂದೇ ಶಾಸ್ತ್ರ, ಒಂದೇ ರೂಢಿಯೊಳಗೆ ಕೆಲಸ ಮಾಡುವ ಇಬ್ಬರ ಕೆಲಸಗಳು ಬೇರೆ ಬೇರೆಯಾಗಿ ಕಾಣುವುದು ಇದರಿಂದಲೇ. ಹಾಸನ ಜಿಲ್ಲೆಯ ನುಗ್ಗೇಹಳ್ಳಿಯಲ್ಲಿ 1246ರಲ್ಲಿ ನಿರ್ಮಾಣಗೊಂಡ ಲಕ್ಷ್ಮೀನರಸಿಂಹ ದೇವಾಲಯವು ಇದಕ್ಕೆ ಸ್ಪಷ್ಟವಾದ ಸಾಕ್ಷ್ಯ ನೀಡುತ್ತದೆ. ಅಲ್ಲಿನ ಗೋಡೆಯ ದಕ್ಷಿಣ ಭಾಗದಲ್ಲಿ ಬೈಚೋಜನ ಕೆಲಸವನ್ನೂ ಉತ್ತರ ಭಾಗದಲ್ಲಿ ಮಲ್ಲಿತಮ್ಮನ ಕೆಲಸವನ್ನೂ ಗುರುತಿಸಲಾಗಿದೆ. ಕಲ್ಲು ಒಂದೇ, ದೇವತೆಗಳ ಲಕ್ಷಣಗಳು ಒಂದೇ, ಒಡೆಯನೂ ಒಬ್ಬನೇ. ಆದರೂ ಒಬ್ಬನ ಮೂರ್ತಿಗಳಲ್ಲಿ ಶಾಂತ ಗಾಂಭೀರ್ಯವನ್ನೂ ಇನ್ನೊಬ್ಬನ ಮೂರ್ತಿಗಳಲ್ಲಿ ಚುರುಕುತನವನ್ನೂ ಕಲಾವಿಮರ್ಶಕರು ಕಂಡಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿಟ್ಟಿದ್ದಾರೆ. ಕೆಲಸದ ಕೆಳಗೆ ಹೆಸರು ಬರೆಯುವುದು ಪಾಶ್ಚಾತ್ಯರಿಂದ ಕಲಿತ ಹೊಸ ಪದ್ಧತಿಯೆಂಬ ಭಾವನೆಯು ತಪ್ಪೆಂಬುದು ಇದರಿಂದ ತಿಳಿಯುತ್ತದೆ.

ಸ್ವಂತ ಶೈಲಿ ಎಂದರೆ ಮೊದಲೆರಡು ಪದರಗಳನ್ನು ಕಿತ್ತೊಗೆಯುವುದಲ್ಲ. ಅವುಗಳ ಮೇಲೆ ನಿಂತು, ಅವು ಬಿಟ್ಟುಕೊಟ್ಟಿರುವ ಜಾಗದಲ್ಲಿ ತನ್ನದೊಂದನ್ನು ಸೇರಿಸುವುದು. ಉಡುಗೆಯ ಮಡಿಕೆ, ಪ್ರಭಾವಳಿ, ಪೀಠ, ಬಳ್ಳಿಯ ತಿರುವು, ಕೆತ್ತನೆಯ ಆಳ, ಖಾಲಿ ಬಿಡುವ ಜಾಗ, ಮೇಲ್ಮೈಯ ಮುಕ್ತಾಯ ಇವೆಲ್ಲವೂ ಕುಶಲಕರ್ಮಿಯ ಸ್ವಾತಂತ್ರ್ಯಕ್ಕೆ ಬಿಟ್ಟ ಸ್ಥಳಗಳು.

ಡಂಬಳದ ಪಾಠ: ವಸ್ತುವಿನಿಂದ ಹುಟ್ಟುವ ಶೈಲಿ

ಬಾದಾಮಿ, ಪಟ್ಟದಕಲ್ಲುಗಳ ಹಳೆಯ ದೇವಾಲಯಗಳು ಮರಳುಗಲ್ಲಿನಲ್ಲಿವೆ. ಹನ್ನೊಂದನೆಯ ಶತಮಾನದಲ್ಲಿ ಅಣ್ಣಿಗೇರಿ, ಲಕ್ಕುಂಡಿ, ಡಂಬಳಗಳ ಸುತ್ತಲಿನ ಶಿಲ್ಪಿಗಳು ಬಳಪದ ಕಲ್ಲಿಗೆ ತಿರುಗಿದರು. ಈ ಕಲ್ಲು ನಯವಾದ ಕಣದ್ದು. ಉಳಿಗೆ ಸುಲಭವಾಗಿ ಮಣಿಯುತ್ತದೆ. ವಸ್ತು ಬದಲಾದೊಡನೆ ಕೆಲಸದ ರೀತಿಯೂ ಬದಲಾಯಿತು. ಸೂಕ್ಷ್ಮವಾದ ಜಾಲಂಧ್ರಗಳು, ದಂತದ ಕೆಲಸವನ್ನು ನೆನಪಿಸುವ ಬಾಗಿಲವಾಡಗಳು, ತಿರುಗಣೆಯಲ್ಲಿ ಕಡೆದಂತಹ ನುಣುಪಾದ ಕಂಬಗಳು ಸಾಧ್ಯವಾದವು. ಮರದ, ದಂತದ ಕೆಲಸದ ಜಾಣ್ಮೆಯು ಕಲ್ಲಿಗೆ ಹರಿದು ಬಂದಿತು ಎಂದು ಹೇಳುವಷ್ಟು ಹತ್ತಿರದ ಹೋಲಿಕೆ ಇಲ್ಲಿದೆ.

ಇಂದಿನ ಮರಗೆತ್ತನೆಗಾರನಿಗೆ ಇದರಲ್ಲಿ ಮೊದಲ ಪಾಠವಿದೆ. ಶೈಲಿಯನ್ನು ಚಿತ್ರದ ಪುಸ್ತಕದಲ್ಲಿ ಹುಡುಕುವ ಮುನ್ನ ಕೈಯಲ್ಲಿರುವ ಮರದಲ್ಲಿ ಹುಡುಕಬೇಕು. ಸಾಗವಾನಿಯು ಎಣ್ಣೆಯ ಅಂಶವಿರುವ, ಹದವಾದ ಗಡಸಿನ ಮರ. ನಡುಮಟ್ಟದ ಆಳದ ಕೆಲಸಕ್ಕೆ ಒಗ್ಗುತ್ತದೆ. ಬೀಟೆಯು ಭಾರವಾದುದು, ಗಾಢವರ್ಣದ್ದು. ಅದರ ಮೇಲೆ ಸಣ್ಣ ಗೆರೆಗಳು ಕಣ್ಣಿಗೆ ಕಾಣದೆ ಮುಳುಗುತ್ತವೆ, ದೊಡ್ಡ ಉಬ್ಬುಗಳು ಹೊಳೆಯುತ್ತವೆ. ಬಯಲುಸೀಮೆಯಲ್ಲಿ ಸಿಗುವ ಬೇವು ಎಳೆಗಳು ಹೆಣೆದುಕೊಂಡಿರುವ ಮರವಾದ್ದರಿಂದ ಅತಿ ಸೂಕ್ಷ್ಮವಾದ ಬಳ್ಳಿಯ ತುದಿಗಳು ಚಕ್ಕೆಯೆದ್ದು ಹೋಗುತ್ತವೆ. ಆದರೆ ಅಗಲವಾದ, ಗುಂಡನೆಯ ರೂಪಗಳು ಚೆನ್ನಾಗಿ ನಿಲ್ಲುತ್ತವೆ. ಶ್ರೀಗಂಧದ ವಿನ್ಯಾಸವನ್ನು ಬೇವಿನಲ್ಲಿ ಕೆತ್ತಹೊರಟವನು ಮರದೊಡನೆ ಜಗಳಕ್ಕಿಳಿದಂತೆ. ಬೇವಿಗೆ ತಕ್ಕ ರೂಪವನ್ನು ಕಂಡುಕೊಂಡವನಿಗೆ ಅರ್ಧ ಶೈಲಿ ತಾನಾಗಿ ದೊರೆಯುತ್ತದೆ.

ಮರವನ್ನು ಹದಗೊಳಿಸುವುದೂ ಇದರ ಭಾಗವೇ. ಹಸಿಮರವು ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ಕುಗ್ಗುವ ಪ್ರಮಾಣವು ತಿರುಳಿನಿಂದ ತೊಗಟೆಯ ದಿಕ್ಕಿಗೆ ಕುಗ್ಗುವುದರ ಸುಮಾರು ಎರಡು ಪಟ್ಟಾಗಿರುತ್ತದೆ. ಮಲೆನಾಡಿನ ತೇವದ ಗಾಳಿಯಲ್ಲಿ ಒಣಗಿದ ಹಲಗೆಯು ಗದಗಿನ ಒಣಹವೆಗೆ ಬಂದಾಗ ಮತ್ತೆ ಕುಗ್ಗುತ್ತದೆ. ಗಾಳಿಯಲ್ಲಿ ಒಣಗಿಸುವಾಗ ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಸ್ಥೂಲವಾದ ಲೆಕ್ಕ. ಒಳಾಂಗಣದ ಸಾಮಾನಿಗೆ ತೇವಾಂಶವು ಶೇಕಡಾ 8ರಿಂದ 12ರ ಒಳಗಿರುವುದು ಉಚಿತ. ಎಷ್ಟೇ ಚೆಲುವಾದ ಕೈಯ ಗುರುತಾದರೂ ಸೀಳಿದ ಹಲಗೆಯ ಮೇಲೆ ಅದಕ್ಕೆ ಬೆಲೆಯಿಲ್ಲ.

ಎರಡನೆಯ ಪಾಠ: ಒಂದೇ ನಿಯಮ, ಹೊಸ ಫಲ

ದೊಡ್ಡಬಸಪ್ಪ ದೇವಾಲಯದ ಗರ್ಭಗೃಹದ ತಲವಿನ್ಯಾಸವು 24 ಮೂಲೆಗಳ ನಕ್ಷತ್ರಾಕಾರದ್ದು. ಚೌಕವೊಂದನ್ನು ಅದರ ಕೇಂದ್ರದ ಮೇಲೆ ಹಂತಹಂತವಾಗಿ ತಿರುಗಿಸುವುದರಿಂದ ಇಂತಹ ನಕ್ಷತ್ರವು ಮೂಡುತ್ತದೆ. ಚೌಕವು ಹೊಸದಲ್ಲ, ತಿರುಗಿಸುವ ಕ್ರಮವೂ ತೀರ ಅಪರಿಚಿತವಲ್ಲ. ಆದರೆ ಆ ಒಂದು ನಿಯಮವನ್ನು ಎಲ್ಲಿಯೂ ಮುರಿಯದೆ, ಬುನಾದಿಯಿಂದ ಶಿಖರದವರೆಗೆ ನಡೆಸಿಕೊಂಡು ಹೋದುದು ಇಲ್ಲಿನ ವಿಶೇಷ. ಸೂರ್ಯನ ಬೆಳಕು ಓರೆಯಾಗಿ ಬಿದ್ದಾಗ ಪ್ರತಿಯೊಂದು ಮೂಲೆಯೂ ಬೆಳಕು ನೆರಳುಗಳ ಪಟ್ಟಿಯನ್ನು ಬಿಡಿಸುತ್ತದೆ. ನಾಡಿನ ಬೇರೆ ನೂರಾರು ದೇವಾಲಯಗಳ ನಡುವೆ ಇದನ್ನು ಒಂದೇ ನೋಟಕ್ಕೆ ಗುರುತಿಸಬಹುದು. ಸ್ವಂತ ಶೈಲಿಗೆ ಅಲಂಕಾರದ ಹೇರಳತೆಗಿಂತ ಒಂದು ನಿರ್ಧಾರವನ್ನು ಕಡೆಯವರೆಗೆ ಪಾಲಿಸುವ ಶಿಸ್ತು ಮುಖ್ಯವೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಈ ನಕ್ಷತ್ರವನ್ನು ಮರದಲ್ಲಿ ಅಭ್ಯಾಸ ಮಾಡುವುದು ಕಷ್ಟವಲ್ಲ. ಹಲಗೆಯ ಮೇಲೆ 12 ಅಂಗುಲ ತ್ರಿಜ್ಯದ ವೃತ್ತವನ್ನು ಎಳೆದು, ಅದರೊಳಗೆ ನಾಲ್ಕು ಮೂಲೆಗಳೂ ವೃತ್ತವನ್ನು ಮುಟ್ಟುವಂತೆ ಒಂದು ಚೌಕವನ್ನು ಬರೆಯಬೇಕು. ಆ ಚೌಕವನ್ನು ಪ್ರತಿ ಸಲ 15 ಡಿಗ್ರಿಯಷ್ಟು ತಿರುಗಿಸುತ್ತ ಒಟ್ಟು ಆರು ಚೌಕಗಳನ್ನು ಬರೆದರೆ, ಆರು ನಾಲ್ಕಲೆ 24 ಮೂಲೆಗಳು ದೊರೆಯುತ್ತವೆ. ಹೊರಗಿನ ಗೆರೆಯನ್ನು ಮಾತ್ರ ಉಳಿಸಿಕೊಂಡಾಗ ಪ್ರತಿ ಹೊರಮೂಲೆಯೂ ಸರಿಯಾಗಿ 90 ಡಿಗ್ರಿಯದಾಗಿರುತ್ತದೆ; ಮೂಲೆಮಟ್ಟ ಒಂದಿದ್ದರೆ ಪರೀಕ್ಷೆಗೆ ಸಾಕು. ಒಳಮೂಲೆಗಳು ಕೇಂದ್ರದಿಂದ ಸುಮಾರು 10.7 ಅಂಗುಲ ದೂರದಲ್ಲಿ ಬೀಳುತ್ತವೆ. ಅಂದರೆ ಮೂಲೆಯ ಆಳ ಸುಮಾರು 1.3 ಅಂಗುಲ. ಇದನ್ನು ಮಂಟಪದ ಪೀಠಕ್ಕೆ, ಮೇಜಿನ ಹಲಗೆಗೆ, ಚಾವಣಿಯ ನಡುವಿನ ಪದಕಕ್ಕೆ ಅಳವಡಿಸಬಹುದು. ಇಷ್ಟರಿಂದಲೇ ಯಾರಿಗೂ ಸ್ವಂತ ಶೈಲಿ ಬಂದಂತಾಗದು. ಆದರೆ ತನ್ನ ನೆಲದ ಒಂದು ರೂಪವನ್ನು ಲೆಕ್ಕದ ಸಮೇತ ಕೈವಶ ಮಾಡಿಕೊಂಡವನಿಗೆ ಅದನ್ನು ಮುಂದೆ ಬದಲಾಯಿಸುವ ಅಧಿಕಾರ ಬರುತ್ತದೆ.

ಯಂತ್ರ ಮಾಡಲಾರದ ಕೆಲಸ ಯಾವುದು

ಯಂತ್ರವನ್ನು ದೂಷಿಸುವುದರಿಂದ ಲಾಭವಿಲ್ಲ. ಅದರ ಮಿತಿಯನ್ನು ಅರಿಯುವುದರಿಂದ ಲಾಭವಿದೆ. ಸಾಮಾನ್ಯವಾಗಿ ಬಳಕೆಯಲ್ಲಿರುವ ಮೂರು ಅಕ್ಷಗಳ ರೌಟರ್‌ನ ಕೊರೆಯುವ ಮೊನೆಯು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಎಲೆಯ ಅಂಚಿನ ಕೆಳಗೆ ನುಗ್ಗಿ ಪೊಳ್ಳು ಮಾಡುವುದು ಅದಕ್ಕೆ ಸಾಧ್ಯವಿಲ್ಲ. ತಿರುಗುವ ಮೊನೆಗೆ ಒಂದು ದಪ್ಪ ಇರುವುದರಿಂದ ಒಳಮೂಲೆಗಳು ಸ್ವಲ್ಪವಾದರೂ ಗುಂಡಗಾಗುತ್ತವೆ. ಮರದ ಎಳೆಯು ಯಾವ ದಿಕ್ಕಿಗೆ ಓಡಿದೆ, ಗಂಟು ಎಲ್ಲಿದೆ ಎಂಬುದನ್ನು ನೋಡಿ ವಿನ್ಯಾಸವನ್ನು ಬದಲಿಸುವ ವಿವೇಕ ಅದಕ್ಕಿಲ್ಲ.

ಆದ್ದರಿಂದ ಕೈಯ ಗುರುತನ್ನು ಕಟ್ಟಿಕೊಳ್ಳುವವನು ಈ ಮೂರು ಕಡೆ ಗಮನವಿಡುವುದು ಬುದ್ಧಿವಂತಿಕೆ: ಅಂಚಿನ ಕೆಳಗೆ ತೆಗೆದ ಆಳವಾದ ನೆರಳು, ಚೂಪಾದ ಉಳಿಯಿಂದ ಬಿಡಿಸಿದ ತೀಕ್ಷ್ಣವಾದ ಒಳಮೂಲೆ, ಎಳೆಯನ್ನು ಅನುಸರಿಸಿ ಹರಿಯುವ ರೂಪ. ನಾಲ್ಕನೆಯದೊಂದೂ ಉಂಟು. ಬಾಗು ಬಾಯಿಯ ಉಳಿಯ ಗೀರುಗಳನ್ನು ಉಜ್ಜುಕಾಗದದಿಂದ ಅಳಿಸದೆ, ಒಂದೇ ಲಯದಲ್ಲಿ ಉಳಿಸಿಕೊಂಡರೆ ಅದೇ ಮೇಲ್ಮೈಯ ಅಲಂಕಾರವಾಗುತ್ತದೆ. ಇದಕ್ಕೆ ಹರಿತವಾದ ಉಳಿ ಬೇಕು, ತಪ್ಪದ ಕೈ ಬೇಕು. ಮೊಂಡು ಉಳಿಯ ಗೀರು ಶೈಲಿಯೆನಿಸುವುದಿಲ್ಲ. ಅದು ಅವಸರದ ಸಾಕ್ಷಿ ಮಾತ್ರ.

ಅಭ್ಯಾಸದ ಕ್ರಮ

ಶೈಲಿಯು ಧ್ಯಾನದಿಂದ ಹೊಳೆಯುವ ವಸ್ತುವಲ್ಲ. ಲೆಕ್ಕವಿಟ್ಟು ಮಾಡಿದ ಅಭ್ಯಾಸದಿಂದ ನೆಲೆಗೊಳ್ಳುವಂತಹುದು. ಸಣ್ಣ ಕಮ್ಮಟಕ್ಕೆ ಒಗ್ಗುವ ಕ್ರಮವನ್ನು ಐದು ಹಂತಗಳಲ್ಲಿ ಹೇಳಬಹುದು.

1. ನಿಷ್ಠೆಯ ನಕಲು. ಹತ್ತಿರದ ಒಂದು ಉತ್ತಮ ಮೂಲವನ್ನು, ಉದಾಹರಣೆಗೆ ಲಕ್ಕುಂಡಿಯ ಬಾಗಿಲವಾಡದ ಒಂದು ಬಳ್ಳಿಯನ್ನು ಅಥವಾ ಹಳೆಯ ಮನೆಯೊಂದರ ತಲೆಬಾಗಿಲಿನ ಕೀರ್ತಿಮುಖವನ್ನು, ಅಳತೆ ಸಮೇತ ನಕಲು ಮಾಡಬೇಕು. ನೇರವಾಗಿ ನೋಡಿ ಬರೆದ ಚಿತ್ರದಿಂದ ಕೆತ್ತುವುದು ಒಳಿತು; ಛಾಯಾಚಿತ್ರದಲ್ಲಿ ಆಳ ತಿಳಿಯುವುದಿಲ್ಲ.

2. ಒಂದೇ ರೂಪ, ಹನ್ನೆರಡು ಸಲ. ಅದೇ ಬಳ್ಳಿಯನ್ನು ಅಂಗೈ ಅಗಲದ ಹನ್ನೆರಡು ಹಲಗೆಗಳಲ್ಲಿ ಕೆತ್ತಬೇಕು. ಪ್ರತಿ ಸಲ ಒಂದನ್ನು ಮಾತ್ರ ಬದಲಿಸಬೇಕು: ಒಮ್ಮೆ ಆಳ, ಒಮ್ಮೆ ಎಲೆಯ ಸಂಖ್ಯೆ, ಒಮ್ಮೆ ಖಾಲಿ ಜಾಗ, ಒಮ್ಮೆ ಮುಕ್ತಾಯ. ಎರಡು ಮೂರನ್ನು ಒಟ್ಟಿಗೆ ಬದಲಿಸಿದರೆ ಫಲವು ಯಾವುದರಿಂದ ಬಂತೆಂದು ತಿಳಿಯದು.

3. ಉಳಿಗಳ ಮಿತಿ. ಹನ್ನೆರಡು ಹಲಗೆಗಳಲ್ಲಿ ಕೊನೆಯ ಆರನ್ನು ನಾಲ್ಕೇ ಉಳಿಗಳಿಂದ ಮುಗಿಸುವ ನಿಯಮ ಹಾಕಿಕೊಳ್ಳಬೇಕು. ಉಳಿ ಕಡಿಮೆಯಾದಂತೆ ಗೀರುಗಳು ಒಂದೇ ಕುಟುಂಬದವಾಗುತ್ತವೆ. ಕೆಲಸಕ್ಕೆ ಏಕರೂಪತೆ ಬರುತ್ತದೆ.

4. ಹೊರಗಿನವರ ತೀರ್ಪು. ಹಲಗೆಗಳನ್ನು ಹೆಸರಿಲ್ಲದೆ, ಬೇರೆಯವರ ಕೆಲಸದೊಡನೆ ಬೆರೆಸಿ, ಅಂಗಡಿಯ ಮಾಲೀಕರಿಗೂ ಗ್ರಾಹಕರಿಗೂ ತೋರಿಸಬೇಕು. ಇವೆಲ್ಲ ಒಬ್ಬನವೇ ಎಂದು ಅವರು ತಾವಾಗಿಯೇ ಬೇರ್ಪಡಿಸಿದರೆ ಗುರುತು ಮೂಡಿದೆ ಎಂದರ್ಥ. ಚೆನ್ನಾಗಿದೆ ಎಂಬ ಹೊಗಳಿಕೆಗಿಂತ ಈ ಬೇರ್ಪಡಿಸುವಿಕೆಯೇ ನಿಜವಾದ ಪರೀಕ್ಷೆ.

5. ದಾಖಲೆ. ಪ್ರತಿ ಹಲಗೆಯ ಹಿಂದೆ ದಿನಾಂಕ, ಮರ, ಬಳಸಿದ ಉಳಿ, ತಗಲಿದ ಗಂಟೆಗಳನ್ನು ಬರೆದಿಡಬೇಕು. ಇದು ಮುಂದೆ ಬೆಲೆ ಕಟ್ಟಲೂ ಹಕ್ಕನ್ನು ಸಾಧಿಸಲೂ ನೆರವಾಗುತ್ತದೆ.

ವೆಚ್ಚ ಮತ್ತು ಪ್ರತಿಫಲ

ವರ್ತಕರಿಗೆ ಸಹಜವಾಗಿ ಏಳುವ ಪ್ರಶ್ನೆಯೆಂದರೆ, ಇಷ್ಟೆಲ್ಲ ಶ್ರಮಕ್ಕೆ ಪ್ರತಿಫಲವಿದೆಯೇ ಎಂಬುದು. ಲೆಕ್ಕದ ಸಲುವಾಗಿ ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಂಡು ನೋಡಬಹುದು. ದೇವರ ಮನೆಯ ಒಂದು ಬಾಗಿಲಿಗೆ ಮರ ಮತ್ತು ಜೋಡಣೆಗೆ 20,000 ರೂಪಾಯಿ, ಕೆತ್ತನೆಗಾರನ ದಿನಗೂಲಿ 1,000 ರೂಪಾಯಿ ಎಂದು ಭಾವಿಸಬಹುದು.

ಇಡೀ ಬಾಗಿಲನ್ನು ಯಂತ್ರದಿಂದ ತುಂಬ ಕೆತ್ತಿಸಲು 5,000 ರೂಪಾಯಿ ಆದರೆ ಒಟ್ಟು ವೆಚ್ಚ 25,000. ಸ್ಪರ್ಧೆಯಿಂದಾಗಿ ಮಾರಾಟ ಬೆಲೆ 27,000ಕ್ಕೆ ನಿಂತರೆ ಉಳಿಯುವುದು 2,000. ಅದೇ ವಿನ್ಯಾಸವನ್ನು ಇಡಿಯಾಗಿ ಕೈಯಿಂದ ಕೆತ್ತಲು 15 ದಿನ ಹಿಡಿದರೆ ವೆಚ್ಚ 35,000. ಯಂತ್ರದ ಬಾಗಿಲಿನೊಡನೆ ಇದನ್ನು ಸಾಲಾಗಿ ನಿಲ್ಲಿಸಿದಾಗ 8,000 ರೂಪಾಯಿ ನಷ್ಟ. ಇಲ್ಲಿಗೆ ಬಹಳ ಕಮ್ಮಟಗಳು ಕೈಚೆಲ್ಲುತ್ತವೆ.

ಆದರೆ ಮೂರನೆಯ ದಾರಿಯೊಂದಿದೆ. ಬಾಗಿಲಿನ ಬಹುಭಾಗವನ್ನು ಮರದ ಸಹಜ ಎಳೆ ಕಾಣುವಂತೆ ಸಾದಾ ಬಿಟ್ಟು, ಲಲಾಟದಲ್ಲಿಯೂ ಕೆಳಗಿನ ಒಂದು ಅಂಕಣದಲ್ಲಿಯೂ ಮಾತ್ರ ಸ್ವಂತ ಶೈಲಿಯ ಆಳವಾದ ಕೆತ್ತನೆ ಮಾಡಿದರೆ 5 ದಿನ ಸಾಕು. ವಿನ್ಯಾಸಕ್ಕೆ 1 ದಿನ. ವೆಚ್ಚ 26,000. ಬೇರೆಲ್ಲಿಯೂ ಸಿಗದ ಈ ಬಾಗಿಲು 30,000ಕ್ಕೆ ಹೋದರೆ ಉಳಿಯುವುದು 4,000. ಯಂತ್ರದ ಬಾಗಿಲಿಗಿಂತ 2,000 ಹೆಚ್ಚು. ಹನ್ನೆರಡು ಅಭ್ಯಾಸದ ಹಲಗೆಗಳಿಗೆ ತಲಾ 2 ದಿನದಂತೆ 24 ದಿನ, ಅಂದರೆ 24,000 ರೂಪಾಯಿ ತೊಡಗಿಸಿದ್ದರೆ ಅದು ಹನ್ನೆರಡು ಬಾಗಿಲುಗಳಲ್ಲಿ ಮರಳಿ ಬರುತ್ತದೆ. ಆಯಾ ಕಮ್ಮಟದವರು ತಮ್ಮ ನಿಜವಾದ ಅಂಕಿಗಳನ್ನು ಇದೇ ಚೌಕಟ್ಟಿನಲ್ಲಿ ಇಟ್ಟು ನೋಡುವುದು ಒಳಿತು. ಹನ್ನೆರಡರ ಬದಲು ನಲವತ್ತು ಬಾಗಿಲುಗಳು ಬೇಕಾಗುವುದೆಂದು ಲೆಕ್ಕ ಹೇಳಿದರೆ, ಅಂತಹ ಕಮ್ಮಟವು ತೊಟ್ಟಿಲು, ಮಣೆ, ಪೆಟ್ಟಿಗೆಯಂತಹ ಸಣ್ಣ ಸಾಮಾನಿನಿಂದ ಆರಂಭಿಸುವುದು ಕ್ಷೇಮ.

ಚದರ ಅಡಿಯ ದರದಲ್ಲಿ ಕೆತ್ತನೆಯ ಕೂಲಿ ಕೊಡುವ ಪದ್ಧತಿಯು ಇದಕ್ಕೆ ಅಡ್ಡಿ. ಆ ದರದಲ್ಲಿ ಕೆತ್ತನೆಗಾರನು ಜಾಗ ತುಂಬಿಸಿದಷ್ಟೂ ಗಳಿಸುತ್ತಾನೆ. ಖಾಲಿ ಬಿಡುವುದರಲ್ಲಿ ಕಳೆದುಕೊಳ್ಳುತ್ತಾನೆ. ಆಳವಾದ ಕೆಲಸಕ್ಕೂ ಮೇಲುಮೇಲಿನ ಕೆಲಸಕ್ಕೂ ಒಂದೇ ಕೂಲಿ. ಇಂತಹ ಲೆಕ್ಕದೊಳಗೆ ಯಾವ ಶೈಲಿಯೂ ಬೆಳೆಯಲಾರದು. ವಿನ್ಯಾಸಕ್ಕೆ ಬೇರೆ ಸಂಭಾವನೆ, ಕೆಲಸಕ್ಕೆ ದಿನದ ಲೆಕ್ಕ ಎಂದು ವಿಂಗಡಿಸಿದಲ್ಲಿ ಇಬ್ಬರಿಗೂ ಅನುಕೂಲ.

ಹಕ್ಕುಗಳ ರಕ್ಷಣೆ

ಶೈಲಿಯು ಪ್ರಸಿದ್ಧಿಗೆ ಬಂದ ಮರುದಿನವೇ ನಕಲು ಆರಂಭವಾಗುತ್ತದೆ. ಕಾನೂನು ಶೈಲಿಯನ್ನು ಶೈಲಿಯಾಗಿ ಕಾಪಾಡುವುದಿಲ್ಲ. ಅದು ಮೂರ್ತರೂಪ ತಾಳಿದ ಕೃತಿಯನ್ನು ಮಾತ್ರ ಕಾಪಾಡುತ್ತದೆ ಎಂಬುದನ್ನು ಮೊದಲು ತಿಳಿಯಬೇಕು.

1957ರ ಕೃತಿಸ್ವಾಮ್ಯ ಕಾಯಿದೆಯಡಿ ಸ್ವಂತ ಕಲ್ಪನೆಯ ಶಿಲ್ಪಕ್ಕೂ ಕಲಾತ್ಮಕ ಕುಶಲಕೃತಿಗೂ ರಕ್ಷಣೆಯಿದೆ. ಕರ್ತೃವಿನ ಜೀವಿತಾವಧಿ ಹಾಗೂ ಆ ಬಳಿಕ 60 ವರ್ಷಗಳು ಅದರ ಅವಧಿ. ನೋಂದಣಿ ಕಡ್ಡಾಯವಲ್ಲ, ಆದರೆ ದಿನಾಂಕವಿರುವ ದಾಖಲೆಗಳು ಸಾಕ್ಷ್ಯವಾಗಿ ಉಪಯುಕ್ತ. ಕೃತಿಯನ್ನು ಮಾರಿದ ಮೇಲೂ ಅದು ತನ್ನದೆಂದು ಹೇಳಿಕೊಳ್ಳುವ ಕರ್ತೃವಿನ ಹಕ್ಕು ಉಳಿಯುತ್ತದೆ. ಸಂಬಳದ ನೌಕರನು ಕೆಲಸದ ಭಾಗವಾಗಿ ಮಾಡಿದ ಕೃತಿಯ ಸ್ವಾಮ್ಯವು, ಬೇರೆ ಒಪ್ಪಂದವಿಲ್ಲದಿದ್ದರೆ, ಸಾಮಾನ್ಯವಾಗಿ ಮಾಲೀಕನದಾಗುತ್ತದೆ. ಆದ್ದರಿಂದ ಇಬ್ಬರೂ ಮೊದಲೇ ಬರವಣಿಗೆಯಲ್ಲಿ ಇತ್ಯರ್ಥ ಮಾಡಿಕೊಳ್ಳುವುದು ಲೇಸು.

ಒಂದೇ ವಿನ್ಯಾಸವನ್ನು ಹೆಚ್ಚು ಸಂಖ್ಯೆಯಲ್ಲಿ ತಯಾರಿಸುವವರು 2000ದ ವಿನ್ಯಾಸ ಕಾಯಿದೆಯತ್ತ ಗಮನ ಹರಿಸಬೇಕು. ಈ ಕಾಯಿದೆಯಡಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ವಿನ್ಯಾಸವನ್ನು ಔದ್ಯೋಗಿಕ ಕ್ರಮದಿಂದ 50ಕ್ಕಿಂತ ಹೆಚ್ಚು ಸಲ ತಯಾರಿಸಿದಾಗ ಅದರ ಕೃತಿಸ್ವಾಮ್ಯವು ಕೊನೆಗೊಳ್ಳುತ್ತದೆ. ನೋಂದಣಿ ಮಾಡಿಸಿದರೆ ಮೊದಲು 10 ವರ್ಷ, ಅನಂತರ ಇನ್ನೂ 5 ವರ್ಷಗಳ ರಕ್ಷಣೆಯುಂಟು. ವಿನ್ಯಾಸವು ಹೊಸದಾಗಿರಬೇಕೆಂಬುದು ಮುಖ್ಯ ನಿಬಂಧನೆಯಾದ್ದರಿಂದ, ಅಂಗಡಿಯ ಕಿಟಕಿಯಲ್ಲಿಯೋ ಪ್ರಚಾರಪತ್ರದಲ್ಲಿಯೋ ಪ್ರಕಟಿಸುವ ಮೊದಲೇ ಅರ್ಜಿ ಸಲ್ಲಿಸಬೇಕು. ಕಮ್ಮಟದ ಹೆಸರನ್ನೂ ಮುದ್ರೆಯನ್ನೂ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಡಿ ನೋಂದಾಯಿಸಿ ಪ್ರತಿ 10 ವರ್ಷಕ್ಕೊಮ್ಮೆ ನವೀಕರಿಸಬಹುದು. ಊರಿನ ರೂಢಿಗೆ ಭೌಗೋಳಿಕ ಗುರುತು ಎಂಬ ಪ್ರತ್ಯೇಕ ವ್ಯವಸ್ಥೆಯಿದೆ. ಚನ್ನಪಟ್ಟಣದ ಗೊಂಬೆಗಳು, ಕಿನ್ನಾಳದ ಗೊಂಬೆಗಳು, ಮೈಸೂರಿನ ಬೀಟೆ ಮರದ ಕುಸುರಿ ಕೆಲಸ ಈಗಾಗಲೇ ಅದನ್ನು ಪಡೆದಿವೆ. ನಿರ್ದಿಷ್ಟ ಪ್ರಕರಣಗಳಲ್ಲಿ ವಕೀಲರ ಸಲಹೆ ಪಡೆಯುವುದು ಅಗತ್ಯ.

ಮರದ ಮೂಲವೂ ಕಾನೂನಿನ ವಿಷಯವೇ. ರಾಜ್ಯದ ಅರಣ್ಯ ಕಾಯಿದೆಗೆ 2001ರಲ್ಲಿ ಆದ ತಿದ್ದುಪಡಿಯಿಂದ ಖಾಸಗಿ ಜಮೀನಿನ ಶ್ರೀಗಂಧದ ಮೇಲೆ ಬೆಳೆಗಾರನಿಗೆ ಒಡೆತನ ದೊರೆತರೂ ಕಡಿಯುವುದಕ್ಕೂ ಸಾಗಿಸುವುದಕ್ಕೂ ನಿಯಮಗಳಿವೆ. ಬೀಟೆಯನ್ನೊಳಗೊಂಡ ಡಾಲ್ಬರ್ಜಿಯಾ ಕುಲದ ಮರಗಳು 2017ರ ಜನವರಿಯಿಂದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿರುವುದರಿಂದ ರಫ್ತುದಾರರು ದಾಖಲೆಗಳ ಬಗ್ಗೆ ಎಚ್ಚರ ವಹಿಸಬೇಕು. ಡಂಬಳದ ಸಮೀಪದ ಕಪ್ಪತಗುಡ್ಡವು 2019ರಿಂದ ವನ್ಯಜೀವಿಧಾಮವಾಗಿದೆ. ರಶೀದಿಯಿಲ್ಲದ ಮರವು ಎಷ್ಟು ಅಗ್ಗವಾಗಿ ಬಂದರೂ ಕಮ್ಮಟದೊಳಗೆ ಬರದಿರುವುದೇ ಮೇಲು.

ಸಹಾಯ ಮತ್ತು ಎಚ್ಚರಿಕೆ

ಕೇಂದ್ರ ಸರ್ಕಾರವು 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಬಡಗಿ, ಶಿಲ್ಪಿ, ಗೊಂಬೆ ತಯಾರಕರೂ ಸೇರಿದ್ದಾರೆ. ತರಬೇತಿ, ಉಪಕರಣಗಳಿಗೆ 15,000 ರೂಪಾಯಿಯವರೆಗಿನ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ರೂಪಾಯಿಯವರೆಗೆ ಸಾಲ ಇದರ ಮುಖ್ಯಾಂಶಗಳು. ಅಭ್ಯಾಸದ ದಿನಗಳ ಕೂಲಿಯನ್ನು ಭರಿಸಲಾರದ ಕಮ್ಮಟಗಳಿಗೆ ಇದು ಆಸರೆಯಾಗಬಲ್ಲದು.

ಎರಡು ಅಪಾಯಗಳನ್ನೂ ಹೇಳಬೇಕು. ಮೊದಲನೆಯದು, ಮಾರಾಟವಾದ ಮೊದಲ ವಿನ್ಯಾಸಕ್ಕೇ ಅಂಟಿಕೊಂಡು ವರ್ಷಗಟ್ಟಲೆ ಅದನ್ನೇ ಹೊಡೆಯುತ್ತ ಕೂಡುವುದು. ಆಗ ಕೈ ತಾನೇ ಯಂತ್ರವಾಗುತ್ತದೆ. ವರ್ಷಕ್ಕೊಮ್ಮೆಯಾದರೂ ಹೊಸ ಹಲಗೆಗಳ ಅಭ್ಯಾಸಕ್ಕೆ ದಿನಗಳನ್ನು ಮೀಸಲಿಡುವುದು ಇದಕ್ಕೆ ಮದ್ದು. ಎರಡನೆಯದು ವಿಶ್ವಾಸದ ಪ್ರಶ್ನೆ. ಯಂತ್ರದಿಂದ ಒರಟು ಕೆಲಸ ಮುಗಿಸಿ ಕೈಯಿಂದ ತಿದ್ದುವುದು ತಪ್ಪಲ್ಲ; ಅದನ್ನು ಪೂರ್ತಿ ಕೈಗೆಲಸವೆಂದು ಮಾರುವುದು ತಪ್ಪು. ಶಿಷ್ಯನು ಕೆತ್ತಿದುದರ ಮೇಲೆ ಗುರುವಿನ ಹೆಸರನ್ನು ಹಾಕುವುದಕ್ಕಿಂತ ಕಮ್ಮಟದ ಮುದ್ರೆಯನ್ನು ಹಾಕುವುದು ಪ್ರಾಮಾಣಿಕ. ಒಮ್ಮೆ ಗ್ರಾಹಕನ ನಂಬಿಕೆ ಕೆಟ್ಟರೆ ಶೈಲಿಗೆ ಕಟ್ಟಿದ ಹೆಚ್ಚಿನ ಬೆಲೆಯು ಅದರೊಡನೆಯೇ ಹೋಗುತ್ತದೆ.

ಕೊನೆಯದಾಗಿ, ಕೆತ್ತನೆಯ ಸಾಮಾನಿಗೆ ಬೇಡಿಕೆ ಪಡೆಯುವ ವರ್ತಕರು ತಮ್ಮ ಬೇಡಿಕೆಪತ್ರದಲ್ಲಿ ನಾಲ್ಕು ಸಾಲುಗಳನ್ನು ಸೇರಿಸಿದರೆ ದೊಡ್ಡ ಬದಲಾವಣೆಗೆ ಬುನಾದಿಯಾಗುತ್ತದೆ: ಮರದ ಜಾತಿ ಮತ್ತು ರಶೀದಿಯ ವಿವರ, ಕೈಗೆಲಸ, ಯಂತ್ರದ ಕೆಲಸಗಳ ಪಾಲು, ವಿನ್ಯಾಸ ಯಾರದು ಮತ್ತು ಅದಕ್ಕೆ ಸಂದ ಸಂಭಾವನೆ, ಸಾಮಾನಿನ ಮೇಲೆ ಕೆತ್ತನೆಗಾರನ ಹೆಸರು ಇರತಕ್ಕ ಸ್ಥಳ. ಇದಕ್ಕೆ ತಗಲುವ ಖರ್ಚು ಒಂದು ಹಾಳೆ ಕಾಗದದ್ದು. ಡಂಬಳದ ಹದಿನಾರು ಸೆಟ್ಟಿಗಳ ನೆನಪು ಒಂಬತ್ತು ಶತಮಾನಗಳಿಗೂ ಮಿಕ್ಕಿ ಉಳಿದಿರುವುದು ಅವರ ಕೊಡುಗೆಯನ್ನು ಬರವಣಿಗೆಯಲ್ಲಿ ದಾಖಲಿಸಿದ್ದರಿಂದ. ಕೈಯ ಗುರುತು ಉಳಿಯಬೇಕಾದರೆ ಅದಕ್ಕೂ ಅಂತಹುದೇ ದಾಖಲೆ ಬೇಕು. ಅದನ್ನು ಬರೆದಿಡುವ ಅವಕಾಶವು ಬಹುಮಟ್ಟಿಗೆ ವರ್ತಕರ ಕೈಯಲ್ಲಿಯೇ ಇದೆ.